ಆರೋಗ್ಯ ಭಾಗ್ಯ: ಹಳೆಯ ಸೊಂಟನೋವು ಮತ್ತು ಸ್ನಾಯುಸೆಳೆತ

ಬೆಳಗಿನ ಜಾವ ಕಸ ಗುಡಿಸಲೆಂದು ಬಾಗಿದ ತಾಯಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಳ್ಳುತ್ತದೆ. ನೆಟ್ಟಗೆ ನಿಲ್ಲಲಾಗದು, ಕುಳಿತುಕೊಳ್ಳಲೂ ಆಗದು. "ನಿನ್ನೆ ಮದುವೆಮನೆಯಲ್ಲಿ ಚೆನ್ನಾಗಿಯೇ ಓಡಾಡುತ್ತಿದ್ದೆಯಲ್ಲ, ಇಂದೇನಾಯಿತು?" ಎಂದು ಮನೆಯವರು ಕೇಳುತ್ತಾರೆ. ಆ ಮಾತು ಸೆಳೆತಕ್ಕಿಂತ ಹೆಚ್ಚಾಗಿ ನೋಯಿಸುತ್ತದೆ. ವರ್ಷಗಟ್ಟಲೆ ಸೊಂಟನೋವಿನೊಡನೆ ಬಾಳುವವರಿಗೆ ನೋವು ನಿತ್ಯದ ನೆರೆಯವನಾದರೆ, ಸೆಳೆತವು ಹೇಳದೆ ಬರುವ ನೆಂಟ.

ಮೂರು ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಕರೆಯುತ್ತದೆ. ನೋಯುವ ಭಾಗವನ್ನು ಕಾಪಾಡಲು ಸುತ್ತಲಿನ ಮಾಂಸಖಂಡಗಳು ತಾವಾಗಿಯೇ ಬಿಗಿದುಕೊಳ್ಳುವುದುಂಟು. ಬಿಗಿತದಿಂದ ನೋವು, ನೋವಿನಿಂದ ಭಯ, ಭಯದಿಂದ ಇನ್ನಷ್ಟು ಬಿಗಿತ. ಈ ಸುತ್ತನ್ನು ಎಲ್ಲಾದರೊಂದು ಕಡೆ ಕಡಿಯುವುದೇ ಉಪಶಮನದ ಮಾರ್ಗ. ಸೊಂಟ ಹಿಡಿದಾಗಲೆಲ್ಲ ಬೆನ್ನುಮೂಳೆಗೆ ಹೊಸ ಪೆಟ್ಟು ಬಿದ್ದಿದೆಯೆಂದು ಅರ್ಥವಲ್ಲ. ಇಷ್ಟು ತಿಳಿದರೆ ಅರ್ಧ ಭಯ ಕಳೆಯುತ್ತದೆ.

ಸೆಳೆತ ಬಂದೊಡನೆ ಹಲ್ಲು ಕಚ್ಚಿಕೊಂಡು ಕೆಲಸ ಮುಂದುವರಿಸಬಾರದು. ಅಂಗಾತ ಮಲಗಿ, ಮೊಣಕಾಲುಗಳನ್ನು ಮಡಿಸಿ, ಅವುಗಳ ಕೆಳಗೆ ದಿಂಬಿಟ್ಟುಕೊಳ್ಳಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡಬೇಕು. ಹತ್ತಿಪ್ಪತ್ತು ಉಸಿರಾಗುವಷ್ಟರಲ್ಲಿ ಬಿಗಿತವು ಕೊಂಚ ಸಡಿಲವಾದಂತೆ ಅನೇಕರಿಗೆ ಅನಿಸುತ್ತದೆ.

ಎರಡನೆಯದು ಶಾಖ. ಬಿಸಿನೀರಿನ ಚೀಲವನ್ನು ದಪ್ಪ ಟವೆಲಿನಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟರೆ ಸಾಕು. ಅದನ್ನು ಇಟ್ಟುಕೊಂಡೇ ನಿದ್ರೆಹೋಗಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದ ಭಾಗಕ್ಕೆ ಶಾಖ ಬೇಡ, ಸುಟ್ಟರೂ ತಿಳಿಯದು. ಎಣ್ಣೆ ಹಚ್ಚಿ ಮೃದುವಾಗಿ ನೀವುವುದೂ ಹಿತಕರ. ಸವರುವಿಕೆಯ ಸ್ಪರ್ಶವು ಬೆನ್ನುಹುರಿಯಲ್ಲಿಯೇ ನೋವಿನ ಸಂದೇಶವನ್ನು ತಗ್ಗಿಸಬಲ್ಲದೆಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟರು. ಆದರೆ ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು ಸರಿಯಲ್ಲ.

ರಾತ್ರಿ ಮೀನಖಂಡ ಹಿಡಿದುಕೊಂಡಾಗ ಮೊಣಕಾಲನ್ನು ನೇರವಾಗಿ ಚಾಚಿ, ಪಾದದ ಬೆರಳುಗಳನ್ನು ಮೆಲ್ಲನೆ ತಮ್ಮತ್ತ ಎಳೆದುಕೊಳ್ಳಬೇಕು. ಒಂದೇ ಕಾಲು ಬಾತು, ಬಿಸಿಯಾಗಿ, ಕೆಂಪೇರಿದ್ದರೆ ಮಾತ್ರ ತಿಕ್ಕಲೇಬಾರದು. ರಕ್ತ ಹೆಪ್ಪುಗಟ್ಟಿರುವ ಸಂಭವವಿರುವುದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಲವರು ಎಡವುವುದು ವಿಶ್ರಾಂತಿಯ ವಿಷಯದಲ್ಲಿ. ವಾರಗಟ್ಟಲೆ ಹಾಸಿಗೆ ಹಿಡಿದರೆ ಮಾಂಸಖಂಡಗಳು ಸೊರಗಿ ಮುಂದಿನ ಸೆಳೆತಕ್ಕೆ ದಾರಿಯಾಗುತ್ತದೆ. ತೀವ್ರತೆ ತಗ್ಗಿದೊಡನೆ ಮನೆಯೊಳಗೇ ಐದು ನಿಮಿಷ ನಡೆಯಲಿ. ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಲಿ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಹಾಗೂ ರೋಗಿಗೆ ತಿಳಿವಳಿಕೆ ನೀಡುವುದನ್ನು ಎತ್ತಿಹಿಡಿದಿದೆ. ಸೊಂಟದ ಪಟ್ಟಿಯನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದಿದೆ.

ಇನ್ನೊಂದು ತಪ್ಪೆಂದರೆ, ನೋವು ಕಡಿಮೆಯಿದ್ದ ದಿನವೇ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೊರಡುವುದು. ಮದುವೆಮನೆಯ ಮರುದಿನ ಸೊಂಟ ಹಿಡಿಯುವುದರ ಗುಟ್ಟು ಇದೇ. ಇಪ್ಪತ್ತು ರೊಟ್ಟಿ ಬಡಿಯುವುದಿದ್ದರೆ ಹತ್ತಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನೆಲದ ಮೇಲೆ ಕೂರಲಾಗದವರು ಊಟಕ್ಕೂ ಪೂಜೆಗೂ ಕುರ್ಚಿಯ ಮೇಲೆ ಕುಳಿತರೆ ಯಾವ ಲೋಪವೂ ಇಲ್ಲ.

ಮಲಗುವ ಮುನ್ನ ಅಂಗಾಂಗಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಬಿಡುವ ಅಭ್ಯಾಸವೂ ಒಳ್ಳೆಯದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿಯೇ ಸ್ನಾಯುಗಳನ್ನು ಹಂತಹಂತವಾಗಿ ಸಡಿಲಿಸುವ ಕ್ರಮವನ್ನು ಗ್ರಂಥರೂಪದಲ್ಲಿ ವಿವರಿಸಿದ್ದರು. ನೋಯುವ ಭಾಗವನ್ನು ಮಾತ್ರ ಬಿಗಿಯದೆ ಸುಮ್ಮನೆ ಸಡಿಲಬಿಡಬೇಕು.

ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ವೈದ್ಯರ ಸಲಹೆಯಂತೆಯೇ ಸೇವಿಸಬೇಕು. ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಭಾಗ ಜೋಮು ಹಿಡಿದರೆ ಅಥವಾ ಕಾಲು ಬಲಗುಂದಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆಗೆ ಜ್ವರ ಬಂದರೂ, ಕಾರಣವಿಲ್ಲದೆ ತೂಕ ಇಳಿದರೂ ವೈದ್ಯರನ್ನು ಬೇಗನೆ ಕಾಣತಕ್ಕದ್ದು.

ಕಡೆಯದಾಗಿ ಮನೆಯವರಿಗೊಂದು ಮಾತು. ನಿನ್ನೆ ನಡೆದವರು ಇಂದು ನಡೆಯಲಾರದೆ ಹೋಗುವುದು ಈ ನೋವಿನ ಸ್ವಭಾವವೇ ಹೊರತು ನಟನೆಯಲ್ಲ. "ಏನಾಯಿತು?" ಎಂದು ಪ್ರಶ್ನಿಸುವ ಬದಲು ಪೊರಕೆಯನ್ನು ಕೈಗೆ ತೆಗೆದುಕೊಂಡು, "ನೀನು ಸ್ವಲ್ಪ ಮಲಗಮ್ಮ, ನೀರು ಕಾಯಿಸಿ ತರುತ್ತೇನೆ" ಎಂದರೆ ಆಕೆಯ ಭಯ ಇಳಿಯುತ್ತದೆ. ಭಯ ಇಳಿದಾಗ ಬಿಗಿತವೂ ಇಳಿಯುತ್ತದೆ.