ಅಪ್ಪನ ಪೈಪು ತೆಗೆಯುವ ಮೊದಲೇ ವಾಪಸ್ ಟಿಕೆಟ್ ಬೇಡ

ಹೃದಯದ ಡಾಕ್ಟರಿಗೆ ಪ್ರಾಸ್ಟೇಟ್ ಉಸಾಬರಿ ಯಾಕೆ ಅಂತ ಕೇಳಬೇಡಿ. ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಹಿರಿಯರು ಆಮೇಲೆ ಪ್ರಾಸ್ಟೇಟ್ ಆಪರೇಷನ್ನಿಗೂ ಹೋಗುತ್ತಾರೆ. ಅಪ್ಪನನ್ನು ಊರಿಂದ ಪುಣೆಗೋ ಮುಂಬೈಗೋ ಕರೆಸುತ್ತೀರಿ, ಆಪರೇಷನ್ ದಿನ ಗೊತ್ತಾದ ಕೂಡಲೇ ವಾಪಸ್ ಟಿಕೆಟ್ಟೂ ಬುಕ್ ಆಗುತ್ತದೆ. ಆಮೇಲೆ ಸರ್ಜನ್‌ಗೆ ದುಂಬಾಲು: "ಇವತ್ತೇ ಪೈಪು ತೆಗೀರಿ, ನಾಳೆ ರೈಲು." ಇದು ತಪ್ಪು.

ಕ್ಯಾತಿಟರ್ ಎಷ್ಟು ದಿನ ಇರಬೇಕೆಂಬುದು ಆಪರೇಷನ್ ಯಾವುದು ಎಂಬುದರ ಮೇಲಿದೆ. ಮೂತ್ರದ ದಾರಿಯಿಂದಲೇ ಗ್ರಂಥಿ ಕೆರೆದು ತೆಗೆಯುವ ಟಿಯುಆರ್‌ಪಿ ಆದರೆ ಸಾಮಾನ್ಯವಾಗಿ 1ರಿಂದ 3 ದಿನ. ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿ ತೆಗೆದಿದ್ದರೆ 7ರಿಂದ 14 ದಿನ, ಯಾಕೆಂದರೆ ಮೂತ್ರಕೋಶಕ್ಕೂ ಮೂತ್ರನಾಳಕ್ಕೂ ಹಾಕಿದ ಹೊಲಿಗೆ ಕೂಡಿಕೊಳ್ಳಬೇಕು. ಪಕ್ಕದ ಫ್ಲಾಟಿನವರಿಗೆ ಎರಡೇ ದಿನಕ್ಕೆ ತೆಗೆದರಂತೆ ಎಂಬ ಹೋಲಿಕೆ ಬೇಡ.

ಹಾಗಂತ "ರಾತ್ರಿ ಏಳೋ ಕಷ್ಟ ಇಲ್ಲ, ಇನ್ನೊಂದು ವಾರ ಇರಲಿ ಬಿಡಿ" ಅನ್ನುವುದೂ ಸರಿಯಲ್ಲ. ದಿನ ಹೆಚ್ಚಾದಂತೆ ಸೋಂಕಿನ ಅಪಾಯ ಏರುತ್ತದೆ. ಸೋಂಕಿನ ಜ್ವರ ಬಂದರೆ ದುರ್ಬಲ ಹೃದಯಕ್ಕೂ ಭಾರ.

ತೆಗೆಸುವುದಾದರೆ ಬೆಳಗ್ಗೆಯೇ ಒಳ್ಳೆಯದು. ಮೂತ್ರ ತಾನಾಗಿ ಹೋಗುತ್ತದೆಯೇ, ಒಳಗೆ ಎಷ್ಟು ಉಳಿಯುತ್ತದೆ ಎಂದು ನೋಡಲು ಇಡೀ ಹಗಲು ಸಿಗುತ್ತದೆ. ಹೋಗದಿದ್ದರೆ ಕೆಲವು ದಿನ ಮತ್ತೆ ಪೈಪು ಹಾಕುತ್ತಾರೆ, ಆಪರೇಷನ್ ಕೆಟ್ಟಿತು ಎಂದು ಗಾಬರಿ ಬೇಡ. ಆ ದಿನ ಆಫೀಸಿಗೆ ರಜೆ ಹಾಕಿ ಜೊತೆಗಿರಿ. ಚೆನ್ನೈನ ನರ್ಸಿಗೆ "ಕಟ್ಟಿದ ಹಾಗಾಗ್ತಿದೆ" ಅಂತ ಅಪ್ಪ ಕನ್ನಡದಲ್ಲಿ ಹೇಳಿದರೆ ಅರ್ಥವಾದೀತೇ?

ಇನ್ನು ನನ್ನ ವಿಷಯ. ಟಿಯುಆರ್‌ಪಿ ಆದ ಎರಡನೇ ವಾರದ ಹೊತ್ತಿಗೆ ಒಳಗಿನ ಗಾಯದ ಹೊಪ್ಪಳೆ ಉದುರಿ ಮತ್ತೆ ರಕ್ತ ಕಾಣಬಹುದು. ಆಗ ಅಪ್ಪ ಊರಲ್ಲಿ, ಸರ್ಜನ್ ಇಲ್ಲಿ. ಕೆಂಪು ನೋಡಿ ಹೆದರಿ ಮನೆಯವರೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನಿಲ್ಲಿಸಿಬಿಡುತ್ತಾರೆ. ಸ್ಟೆಂಟ್ ಇರುವವರಿಗೆ, ಅದರಲ್ಲೂ ಹೊಸದಾಗಿ ಹಾಕಿಸಿಕೊಂಡವರಿಗೆ, ಇದರಿಂದ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು, ಯಾವ ದಿನ ಶುರು ಮಾಡಬೇಕು ಎಂದು ಸರ್ಜನ್ ಮತ್ತು ಹೃದಯದ ಡಾಕ್ಟರ್ ಇಬ್ಬರನ್ನೂ ಕೇಳಿ, ಡಿಸ್ಚಾರ್ಜ್ ಕಾರ್ಡಿನಲ್ಲೇ ಬರೆಸಿಕೊಳ್ಳಿ.

ತಿಳಿಗುಲಾಬಿ ಬಣ್ಣವಾದರೆ ಡಾಕ್ಟರಿಗೆ ಫೋನ್ ಸಾಕು. ದಟ್ಟ ಕೆಂಪು, ಗಡ್ಡೆಗಡ್ಡೆ ರಕ್ತ, ಮೂತ್ರ ಕಟ್ಟುವುದು, ಚಳಿಜ್ವರ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.