ವಿಶೇಷ ಶಿಕ್ಷಕರು ಬರುವವರೆಗೆ ನಮ್ಮ ಮಕ್ಕಳು ಕಾಯಬೇಕೇ?

ಸಾಮಾನ್ಯ ಶಾಲೆಗಳಲ್ಲಿ ಕಲಿಯುವ ವಿಶೇಷ ಅಗತ್ಯದ ಮಕ್ಕಳಿಗೆ ತರಬೇತಿ ಪಡೆದ ಶಿಕ್ಷಕರು ಎಲ್ಲಿ ಎಂದು ಸುಪ್ರೀಂ ಕೋರ್ಟ್ ಸರಕಾರಗಳನ್ನು ಕೇಳುತ್ತಲೇ ಇದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಮರು ವರ್ಷ ಕೇಂದ್ರ ಸರಕಾರವು ಪ್ರಾಥಮಿಕ ತರಗತಿಗಳಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ನಿಗದಿ ಮಾಡಿತು. ಆದರೂ ಕೆಲಸ ಮುಂದೆ ಹೋಗಲಿಲ್ಲ. 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೊಮ್ಮೆ ಎಲ್ಲ ರಾಜ್ಯಗಳಿಗೂ ಹುದ್ದೆಗಳನ್ನು ಮಂಜೂರು ಮಾಡಿ ನೇಮಕಾತಿ ಶುರು ಮಾಡಿ ಎಂದು ಆದೇಶಿಸಬೇಕಾಯಿತು.

ಇದೆಲ್ಲ ದಿಲ್ಲಿಯ ಸುದ್ದಿ, ನಮಗೇನು ಅಂತ ಪುಟ ಮಗುಚುವ ಹಾಗಿಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ನಮ್ಮ ಸಮುದಾಯದವರೇ ನಡೆಸುವ ಶಾಲೆಗಳು ಎಷ್ಟೋ ಇವೆ. ಜಮಾಅತ್‌ಗೊಂದು ಮದ್ರಸವಿದೆ. ಹೆಚ್ಚಿನ ಬ್ಯಾರಿ ಮಕ್ಕಳು ದಿನಕ್ಕೆ ಎರಡು ಕಡೆ ಕಲಿಯುತ್ತವೆ, ಎರಡು ಕಡೆಯ ಗುರುಗಳ ಕಣ್ಣ ಮುಂದೆ ಇರುತ್ತವೆ. ಆ ಕಣ್ಣುಗಳಿಗೆ ಏನನ್ನು ನೋಡಬೇಕೆಂದು ಯಾರಾದರೂ ಕಲಿಸಿದ್ದಾರೆಯೇ? ನಮ್ಮ ಮನೆಗಳಿಗೆ ಸಂಬಂಧಪಟ್ಟ ಪ್ರಶ್ನೆ ಇದು.

ಕಾನೂನು ಏನು ಹೇಳುತ್ತದೆ?

2014ರ ಪ್ರಮತಿ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ. 2025ರ ಸೆಪ್ಟಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನದೇ ಇನ್ನೊಂದು ಪೀಠ ಆ ತೀರ್ಪನ್ನು ದೊಡ್ಡ ಪೀಠ ಮತ್ತೆ ನೋಡಬೇಕು ಎಂದಿದೆ. ಆ ಚರ್ಚೆ ಎಲ್ಲಿಗೆ ಮುಟ್ಟಿದರೂ ನಮ್ಮ ಆಡಳಿತ ಮಂಡಳಿಗಳು ಇನ್ನೊಂದು ಕಾನೂನನ್ನು ಓದಲೇಬೇಕು. ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಬೇಗ ಪತ್ತೆ ಮಾಡಬೇಕು ಎನ್ನುತ್ತದೆ ಅದರ 16ನೇ ಕಲಂ. ಅಲ್ಪಸಂಖ್ಯಾತ ಸಂಸ್ಥೆಗೆ ವಿನಾಯಿತಿ ಅಂತ ಅಲ್ಲಿ ಒಂದು ಸಾಲೂ ಇಲ್ಲ. ಶಿಕ್ಷಕರಿಗೆ ತರಬೇತಿ ಕೊಡುವ ಮಾತು 17ನೇ ಕಲಂನಲ್ಲಿದೆ.

ಹಳೆಯ ಕಾನೂನಿನಲ್ಲಿ ಏಳೇ ವಿಧದ ವೈಕಲ್ಯಗಳಿದ್ದವು. ಈಗ 21 ಇವೆ. ಆಟಿಸಂ ಸೇರಿದೆ, ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ಸೇರಿದೆ. ಗಾಲಿಕುರ್ಚಿಯಲ್ಲಿ ಕೂತ ಮಗು ಎಲ್ಲರಿಗೂ ಕಾಣುತ್ತದೆ. ಓದಲು ಬಾರದ, ಕಿವಿ ಅರ್ಧ ಮಾತ್ರ ಕೇಳುವ, ಗದ್ದಲ ಸಹಿಸಲಾಗದ ಮಗು ಕಾಣುವುದಿಲ್ಲ. ಅದಕ್ಕೆ ‘ಉದಾಸೀನ’, ‘ಹಠಮಾರಿ’, ‘ತಲೆಗೆ ಹತ್ತಲ್ಲ’ ಎಂಬ ಹೆಸರು ಬೀಳುತ್ತದೆ. ಹೆಸರು ಬಿದ್ದ ಮೇಲೆ ಪೆಟ್ಟೂ ಬೀಳುತ್ತದೆ.

ಒಂದು ಮಗು, ಮೂರು ಲಿಪಿ

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಆರೇಳು ವರ್ಷದ ಮಗು ಮೂರು ಲಿಪಿಗಳನ್ನು ಒಟ್ಟಿಗೆ ಕಲಿಯುತ್ತದೆ. ಎರಡು ಎಡದಿಂದ ಬಲಕ್ಕೆ, ಒಂದು ಬಲದಿಂದ ಎಡಕ್ಕೆ. ಹೆಚ್ಚಿನ ಮಕ್ಕಳು ಇದನ್ನು ಸಲೀಸಾಗಿ ಕಲಿತುಬಿಡುತ್ತವೆ. ಕಲಿಯಲು ಕಷ್ಟಪಡುವ ಮಗುವನ್ನು ನೋಡಿ ಟೀಚರ್ ಎರಡು ರೀತಿಯಲ್ಲಿ ತಪ್ಪಬಹುದು. ಕನ್ನಡ ಇನ್ನೂ ಸರಿಯಾಗಿ ಬಾರದ ಜಾಣ ಮಗುವನ್ನು ದಡ್ಡ ಅಂದುಕೊಳ್ಳುವುದು ಒಂದು. ನಿಜವಾಗಿಯೂ ತೊಂದರೆ ಇರುವ ಮಗುವನ್ನು, ‘ಮನೆಯಲ್ಲಿ ಬ್ಯಾರಿ ಮಾತಾಡ್ತಾರಲ್ಲ, ಅದಕ್ಕೇ ಹೀಗೆ, ಮುಂದೆ ಸರಿಹೋಗುತ್ತೆ’ ಅಂತ ಬಿಟ್ಟುಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯ. ‘ಮುಂದೆ ಸರಿಹೋಗುತ್ತೆ’ ಎನ್ನುತ್ತಾ ಮಗು ಏಳನೇ ತರಗತಿಗೆ ಬಂದಿರುತ್ತದೆ.

ಇವೆರಡನ್ನು ಬೇರ್ಪಡಿಸಲು ನಮ್ಮಲ್ಲೇ ಒಂದು ಸುಲಭ ದಾರಿ ಇದೆ. ಶಾಲೆಯ ಟೀಚರ್ ಮತ್ತು ಮದ್ರಸದ ಉಸ್ತಾದ್ ಒಮ್ಮೆ ಮಾತಾಡಿಕೊಳ್ಳಲಿ. ಕನ್ನಡದಲ್ಲಿ ದ, ಧ, ಥ ಗುರುತಿಸಲಾಗದ, ಒತ್ತಕ್ಷರ ಬಂದಲ್ಲಿ ನಿಲ್ಲುವ ಮಗುವಿಗೆ ಇಂಗ್ಲಿಷಿನಲ್ಲಿ ಬಿ ಮತ್ತು ಡಿ ಅದಲುಬದಲಾಗುತ್ತದೆಯೇ? ಚುಕ್ಕೆಗಳಲ್ಲಿ ಮಾತ್ರ ವ್ಯತ್ಯಾಸವಿರುವ ಅರಬಿಯ ಬಾ, ತಾ, ಸಾ ಅಕ್ಷರಗಳಲ್ಲೂ ಗೊಂದಲವೇ? ಕೇಳಿ ಬಾಯಿಪಾಠ ಮಾಡಿದ ಸೂರಾವನ್ನು ಚೆನ್ನಾಗಿ ಒಪ್ಪಿಸುತ್ತದೆ, ಆದರೆ ಅದನ್ನೇ ಮುಸ್‌ಹಫ್ ನೋಡಿ ಓದಲಾಗುವುದಿಲ್ಲವೇ? ಕಷ್ಟ ಕನ್ನಡದಲ್ಲಿ ಮಾತ್ರ ಇದ್ದರೆ ಅದು ಭಾಷೆಯ ವಿಷಯ ಆಗಿರಬಹುದು. ಮೂರೂ ಲಿಪಿಯಲ್ಲಿದ್ದರೆ ತಜ್ಞರಿಗೆ ತೋರಿಸಲು ಅದು ಸಾಕಷ್ಟು ಕಾರಣ. ಅದು ಡಿಸ್ಲೆಕ್ಸಿಯಾವೇ ಎಂದು ತೀರ್ಮಾನಿಸುವುದು ಟೀಚರ್ ಅಥವಾ ಉಸ್ತಾದರ ಕೆಲಸವಲ್ಲ. ಕಂಡದ್ದನ್ನು ಬರೆದಿಟ್ಟು ಕಳುಹಿಸಿಕೊಟ್ಟರೆ ಸಾಕು.

ಉಮ್ಮಂದಿರಿಗೂ ಒಂದು ಮಾತು. ಮಗು ಮಾತಾಡಲು ತಡ ಮಾಡಿದರೆ ‘ಬ್ಯಾರಿ ಬಿಡಿ, ಇಂಗ್ಲಿಷಿನಲ್ಲೇ ಮಾತಾಡಿ’ ಎಂಬ ಸಲಹೆ ಸಿಗುವುದುಂಟು. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಆಟಿಸಂ ಬರುವುದಿಲ್ಲ, ಮಾತಿನ ತೊಂದರೆಯೂ ಹುಟ್ಟುವುದಿಲ್ಲ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಹೆಚ್ಚು ಮಾತಾಡಿ.

ತರಬೇತಿ ಅಂದರೆ ಏನು?

ವಿಶೇಷ ಶಿಕ್ಷಕರು ಬೇಡ ಅಂತ ನಾವು ಹೇಳುವುದಿಲ್ಲ, ಬೇಕೇ ಬೇಕು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿದವರ ಜಾಗವನ್ನು ಮೂರು ದಿನದ ಕಾರ್ಯಾಗಾರ ತುಂಬುವುದಿಲ್ಲ. ಆದರೆ ನೇಮಕವಾದರೂ ಅವರು ಮಗುವಿನ ಜೊತೆ ಇರುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಮಗು ಸಾಮಾನ್ಯ ತರಗತಿಯ ಟೀಚರ್ ಮುಂದೆಯೇ ಇರುತ್ತದೆ. ಹಾಗಾಗಿ ತರಬೇತಿ ಮೊದಲು ಅವರಿಗೆ ಸಿಗಬೇಕು.

ಆ ತರಬೇತಿಯಲ್ಲಿ ದೊಡ್ಡ ಸಿದ್ಧಾಂತಗಳು ಬೇಡ. ಸರಿಯಾಗಿ ಕೇಳದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಬೋರ್ಡಿಗೆ ಮುಖ ಮಾಡಿಕೊಂಡು ಪಾಠ ಹೇಳದಿರುವುದು. ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳದೆ ಒಂದೊಂದಾಗಿ ಹೇಳುವುದು. ಬರೆಯಲಾಗದ ಮಗುವಿನಿಂದ ಬಾಯಿಮಾತಿನಲ್ಲಿ ಉತ್ತರ ಕೇಳುವುದು. ತಡವರಿಸುವ ಮಗುವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸದಿರುವುದು. ಆಟಿಸಂ ಇರುವ ಮಗು ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಕಿರುಚಿದರೆ ಬೈಯದೆ ಸ್ವಲ್ಪ ಹೊತ್ತು ಶಾಂತ ಜಾಗಕ್ಕೆ ಕರೆದುಕೊಂಡು ಹೋಗುವುದು. ಇದಕ್ಕೆಲ್ಲ ಖರ್ಚಿಲ್ಲ. ಯಾರಾದರೂ ಹೇಳಿಕೊಡಬೇಕು, ಹೆಡ್‌ಮಾಸ್ಟರ್ ಬೆನ್ನಿಗೆ ನಿಲ್ಲಬೇಕು.

ಗುರುತಿಸಲು ಸಲಕರಣೆಯೂ ಇದೆ. ಎನ್‌ಸಿಇಆರ್‌ಟಿ 2022ರಲ್ಲಿ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿ ಮತ್ತು ಆ್ಯಪ್ ತಂದಿದೆ. ಮೊದಲ ಭಾಗವನ್ನು ಕ್ಲಾಸ್ ಟೀಚರೇ ತುಂಬಬೇಕು. ಕಾನೂನಿನಲ್ಲಿರುವ 21 ವಿಧಗಳಿಗೂ ಅದರಲ್ಲಿ ಪ್ರಶ್ನೆಗಳಿವೆ. ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಕೆಲಸ ಮಾಡುತ್ತಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವವರೂ ಇವರೇ. ಮಂಗಳೂರಿನಲ್ಲಿ ಬೆಂದೂರಿನ ಸೇಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯದಂತಹ ಅನುಭವಿ ಸಂಸ್ಥೆಗಳಿವೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇಸಿಗೆ ರಜೆಯಲ್ಲಿ ಇಂತಹ ಕಡೆಯ ತಜ್ಞರನ್ನು ಕೇಳಿ ಕರೆಸಿಕೊಳ್ಳಲು ನಮ್ಮ ಶಾಲೆಗಳ ಒಕ್ಕೂಟಗಳು ಮನಸ್ಸು ಮಾಡಬೇಕು.

ಉಸ್ತಾದರನ್ನು ಹೊರಗಿಡಬೇಡಿ

ಶಿಕ್ಷಕರ ತರಬೇತಿ ಎಂದಾಗ ಮದ್ರಸದ ಮುಅಲ್ಲಿಮರ ನೆನಪು ಯಾರಿಗೂ ಬರುವುದಿಲ್ಲ. ಆದರೆ ಮನೆಯವರು ಅವರ ಮಾತು ಕೇಳುವಷ್ಟು ಟೀಚರ್ ಮಾತು ಕೇಳುವುದಿಲ್ಲ. ಬಾಪ ಗಲ್ಫಿನಲ್ಲಿರುತ್ತಾರೆ, ಉಮ್ಮ ಒಬ್ಬರೇ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ, ಹಿರಿಯರು ‘ಕಣ್ಣು ತಾಗಿದೆ’ ಅನ್ನುತ್ತಾರೆ, ಅಕ್ಕಂದಿರ ಮದುವೆ ಮಾತು ಕೆಡಬಹುದೆಂದು ವಿಷಯ ಮುಚ್ಚಿಡುತ್ತಾರೆ. ಅಂತಹ ಮನೆಗೆ ಉಸ್ತಾದ್ ಹೋಗಿ, ‘ದುಆ ನಾನೂ ಮಾಡ್ತೇನೆ, ನೀವು ಮಗುವಿನ ಕಿವಿ ಒಮ್ಮೆ ಪರೀಕ್ಷೆ ಮಾಡಿಸಿ’ ಅಂದರೆ ಬಾಗಿಲು ತೆರೆಯುತ್ತದೆ. ದುಆಗೂ ಡಾಕ್ಟರಿಗೂ ಜಗಳವಿಲ್ಲ.

ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ) ಅಂಧರಾಗಿದ್ದರು. ಅವರು ಕಲಿಯಲು ಬಂದಾಗಿನ ಘಟನೆಯೇ ಸೂರಾ ಅಬಸದ ಅವತರಣಕ್ಕೆ ಹಿನ್ನೆಲೆ ಎಂಬುದನ್ನು ನಮ್ಮ ಮದ್ರಸಗಳಲ್ಲೇ ಕಲಿಸುತ್ತಾರೆ. ಮುಂದೆ ಅವರು ಮದೀನಾದಲ್ಲಿ ಬಾಂಗ್ ಕೊಡುವವರಾದರು. ಪ್ರವಾದಿ(ಸ) ಊರಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ಹೊತ್ತರು. ಈ ಪಾಠ ಹೇಳಿಕೊಡುವ ಉಸ್ತಾದರಿಗೆ ಅಂತಹ ಮಗುವಿಗೆ ಹೇಗೆ ಕಲಿಸಬೇಕೆಂದು ತೋರಿಸಿಕೊಡುವುದು ಜಮಾಅತ್ ಕಮಿಟಿಯ ಕೆಲಸ.

ಈಗಲೇ ಆಗಬಹುದಾದದ್ದು

ಆಡಳಿತ ಮಂಡಳಿಗಳು ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲು ಪ್ರತಿ ಶಾಲೆಯಿಂದ ಕನಿಷ್ಠ ಇಬ್ಬರು ಟೀಚರ್‌ಗಳಿಗೆ ತರಬೇತಿ ಕೊಡಿಸಲಿ. ಹತ್ತಿರದ ನಾಲ್ಕೈದು ಶಾಲೆಗಳು ಸೇರಿ ಒಬ್ಬ ವಿಶೇಷ ಶಿಕ್ಷಕರನ್ನು ನೇಮಿಸಿಕೊಂಡರೆ ಯಾರಿಗೂ ಹೊರೆಯಾಗದು. ಸಮುದಾಯದ ಸಂಸ್ಥೆಗಳು ಪ್ರತಿ ವರ್ಷ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದೆರಡು, ವಿಶೇಷ ಶಿಕ್ಷಣದ ಬಿ.ಎಡ್. ಓದುವ ನಮ್ಮ ಹೆಣ್ಣುಮಕ್ಕಳಿಗೆ ಮೀಸಲಾಗಲಿ. ಮನೆಗೆ ಬಂದು ಬ್ಯಾರಿಯಲ್ಲೇ ಮಾತಾಡಿಸುವ ವಿಶೇಷ ಶಿಕ್ಷಕಿ ಇದ್ದರೆ ಎಷ್ಟು ಉಮ್ಮಂದಿರ ಎದೆ ಹಗುರಾದೀತು! ಬ್ಯಾರಿ ಭಾಷೆಗೆ 2007ರಿಂದ ಸರಕಾರಿ ಅಕಾಡೆಮಿ ಇದೆ. ಕನ್ನಡ ಲಿಪಿಯಲ್ಲಿ, ಬ್ಯಾರಿ ಭಾಷೆಯಲ್ಲಿ ಹೆತ್ತವರಿಗಾಗಿ ಎರಡು ಪುಟದ ಕರಪತ್ರ ತರುವುದು ಅಸಾಧ್ಯವೇನಲ್ಲ.

ಹೆತ್ತವರು ಬಾಯಿಮಾತಿನ ದೂರು ಬಿಟ್ಟು ಬರೆದು ಕೊಡಲಿ: ‘ನಮ್ಮ ಮಗುವಿಗೆ ಇಂತಿಂತಹ ಕಷ್ಟ ಕಾಣುತ್ತಿದೆ, ಪರಿಶೀಲಿಸಿ.’ ಪತ್ರದ ಒಂದು ಪ್ರತಿ ಬಿಇಒ ಕಚೇರಿಗೂ ಹೋಗಲಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಎಂಟು ವರ್ಷದ ಮೇಲೆ ಸಿಗುತ್ತದೆ, ಸಹಾಯಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಎಸೆಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು ಬೇಕಿದ್ದರೆ ಮಾತ್ರ ದಾಖಲೆಗಳು ಮೊದಲೇ ಕೈಯಲ್ಲಿರಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ.

ಸರಕಾರ ಹುದ್ದೆ ತುಂಬಲಿ, ಅದಕ್ಕಾಗಿ ಒತ್ತಾಯವನ್ನೂ ಮಾಡೋಣ. ಆದರೆ ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಗು ಮುಂದಿನ ಜೂನ್‌ನಲ್ಲಿ ಎರಡನೆಯದರಲ್ಲಿ ಇರುತ್ತದೆ. ಕಡತ ನಿಂತಲ್ಲೇ ನಿಂತರೂ ಮಗುವಿನ ವಯಸ್ಸು ನಿಲ್ಲುವುದಿಲ್ಲ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾದ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಎದ್ದು ಕೇಳಲಿ: ನಮ್ಮ ಶಾಲೆಯಲ್ಲಿ, ನಮ್ಮ ಮದ್ರಸದಲ್ಲಿ ಇಂತಹ ಮಕ್ಕಳು ಎಷ್ಟು ಮಂದಿ, ಅವರಿಗೆ ಕಲಿಸಲು ತರಬೇತಿ ಪಡೆದವರು ಎಷ್ಟು ಮಂದಿ?