ಗುಂಡು ಅವರದು, ಪಾತ್ರೆ ನಮ್ಮದು

ಬೇಳೆಯಲ್ಲಿ ಕಲ್ಲು ಸಿಕ್ಕಿದರೆ ಅಂಗಡಿಯವನನ್ನು ಕೇಳುತ್ತೇವೆ. ಹಾಲು ನೀರಾಗಿದ್ದರೆ ಹಾಲಿನವಳನ್ನು ಕೇಳುತ್ತೇವೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ನಮಗೆ ಯಾವ ವಿಜ್ಞಾನಿಯೂ ಬಂದು ಹೇಳಿಕೊಡಬೇಕಾಗಲಿಲ್ಲ. ಆದರೆ ಮನೆಗೆ ಬೇಟೆಯ ಮಾಂಸ ಬಂದಾಗ ‘ಇದನ್ನು ಯಾವ ಗುಂಡಿನಿಂದ ಹೊಡೆದದ್ದು?’ ಎಂದು ಕೇಳುವ ಹೆಂಗಸನ್ನು ಮಾತ್ರ ಎಲ್ಲರೂ ವಿಚಿತ್ರವಾಗಿ ನೋಡುತ್ತಾರೆ. ಆ ಪ್ರಶ್ನೆಯನ್ನು ನಾವು ಕೇಳಲೇಬೇಕು ಎಂಬುದೇ ನನ್ನ ವಾದ.

ನಾನು ಹುಟ್ಟಿದ್ದು ಕೊಡಗಿನಲ್ಲಿ, ಸಂಸಾರ ಹೂಡಿದ್ದು ಅಮೆರಿಕದ ಮೊಂಟಾನಾದಲ್ಲಿ. ಕೋವಿ ಕಂಡರೆ ಬೆಚ್ಚುವವಳಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಿಂದ ಬಂದವಳು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆಗೆ ತಡೆ ಬಿತ್ತು, ಒಳ್ಳೆಯದೇ ಆಯಿತು. ಇಲ್ಲಿ ಹಾಗಲ್ಲ. ಅಕ್ಟೋಬರ್ ಕೊನೆಯಿಂದ ಸುಮಾರು ಐದು ವಾರ, ಪರವಾನಗಿ ಪಡೆದವರು ಜಿಂಕೆಯನ್ನೂ ಎಲ್ಕನ್ನೂ ಕೋವಿಯಿಂದ ಹೊಡೆಯಬಹುದು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡ ದಾಯಾದಿ ಎನ್ನಿ. ಬಲಿತ ಗಂಡು ಮುನ್ನೂರು ಕಿಲೋ ತೂಗುತ್ತದೆ. ಒಂದು ಸಿಕ್ಕಿದರೆ ಚಳಿಗಾಲವಿಡೀ ಫ್ರೀಜರ್ ತುಂಬಿರುತ್ತದೆ. ನೆರೆಮನೆಗಳಿಂದ ನಮಗೂ ಪಾಲು ಬರುತ್ತದೆ. ನಾನು ಅದನ್ನು ಕಾಚಂಪುಳಿ ಹಾಕಿ ಪಂದಿಕರಿಯ ಹಾಗೆ ಮಾಡುತ್ತೇನೆ.

ಇಲ್ಲಿನ ಅನೇಕ ಗಂಡಸರು ಅಂಗಡಿಯ ತೋಟಾ ಕೊಳ್ಳುವುದಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕೂತು ತಾವೇ ತುಂಬುತ್ತಾರೆ. ಹಿತ್ತಾಳೆಯ ಕೊಳವೆಗೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡನ್ನು ಒತ್ತಿ ಕೂರಿಸುತ್ತಾರೆ. ಮದ್ದನ್ನು ಅಕ್ಕಸಾಲಿ ಚಿನ್ನ ತೂಗುವಂತೆ ತೂಗುತ್ತಾರೆ. ತೂಕದ ಅಳತೆ ‘ಗ್ರೇನ್’. 7000 ಗ್ರೇನ್‌ಗೆ ಒಂದು ಪೌಂಡು. ಇಷ್ಟೆಲ್ಲ ನಾಜೂಕು ಮಾಡುವವರು ಗುಂಡು ಆರಿಸುವಾಗ ಅದು ಗುರಿಗೆ ಸರಿಯಾಗಿ ಹೋಗುತ್ತದೆಯೇ, ಎಲುಬು ಮುರಿಯುತ್ತದೆಯೇ ಎಂದು ನೋಡುತ್ತಾರೆ. ತಟ್ಟೆಗೆ ಏನು ಬರುತ್ತದೆಂದು ನೋಡುವವರು ಕಡಿಮೆ.

ಬೇಟೆಯ ಸಾಮಾನ್ಯ ಗುಂಡಿನ ಹೊರಗೆ ತಾಮ್ರದ ತೆಳು ಕವಚ, ಒಳಗೆ ಸೀಸ. ಸೀಸ ಮೆದು. ಮೈಗೆ ನಾಟಿದೊಡನೆ ಅರಳಿ, ಒಡೆದು, ಪುಡಿಯಾಗಿ ಮಾಂಸದೊಳಗೆ ಚೆದುರುತ್ತದೆ. ಮಲೆನಾಡಿನ ಹಿರಿಯರು ಬೇಟೆಯೂಟದಲ್ಲಿ ಹಲ್ಲಿಗೆ ಚರೆ ಸಿಕ್ಕಿದ ಕಥೆ ಹೇಳುತ್ತಿದ್ದರು. ಚರೆಯಾದರೆ ಉಗುಳಬಹುದು, ಈ ಪುಡಿ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. 2008ರಲ್ಲಿ ಮಿನ್ನೆಸೋಟಾ ರಾಜ್ಯದವರು ಕುರಿಗಳ ಮೇಲೆ ಗುಂಡು ಹಾರಿಸಿ ಪರೀಕ್ಷಿಸಿದಾಗ, ಸೀಸದ ಚೂರು ಗಾಯದಿಂದ ಒಂದು ಅಡಿಗೂ ದೂರ ಸಿಕ್ಕಿತು. ನೀರಿನಲ್ಲಿ ತೊಳೆದರೆ ಹೋಗುವುದಿರಲಿ, ಇನ್ನಷ್ಟು ಹರಡಿತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 30 ಜಿಂಕೆಗಳ ಮಾಂಸವನ್ನು ಕ್ಷ-ಕಿರಣದಡಿ ನೋಡಿದರು. 24 ಜಿಂಕೆಗಳ ಕೈಮಾದಲ್ಲಿ ಲೋಹದ ಚೂರುಗಳಿದ್ದವು. ಆ ಮಾಂಸ ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಸ್ಪೇನಿನ ಸಂಶೋಧಕರು ಕಂಡದ್ದು ಇನ್ನೊಂದು: ವಿನಿಗರ್ ಹಾಕಿ ಬೇಯಿಸಿದ ಬೇಟೆಮಾಂಸದಲ್ಲಿ ಸೀಸ ಹೆಚ್ಚು ಕರಗುತ್ತದೆ. ನನ್ನ ಕಾಚಂಪುಳಿಯೂ ಹುಳಿಯೇ ಅಲ್ಲವೆ?

2008ರಲ್ಲೇ ನಾರ್ತ್ ಡಕೋಟಾದಲ್ಲಿ, ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಕೈಮಾದಲ್ಲಿ ಸೀಸ ಕಂಡುಬಂದು, ಅದನ್ನು ಹಂಚಬೇಡಿ ಎಂದು ಸರ್ಕಾರ ಹೇಳಬೇಕಾಯಿತು. ಬಳಿಕ 738 ಜನರ ರಕ್ತ ಪರೀಕ್ಷಿಸಿದಾಗ, ಬೇಟೆಮಾಂಸ ತಿನ್ನುವವರಲ್ಲಿ ಸೀಸ ಸ್ವಲ್ಪ ಹೆಚ್ಚೇ ಇತ್ತು. ಅಪಾಯದ ಮಟ್ಟವೇನೂ ಇರಲಿಲ್ಲ, ಒಪ್ಪಿದೆ. ಆದರೆ ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವಂಥ ಮಟ್ಟವೇ ಇಲ್ಲ. ಅದು ಬೆಳೆಯುವ ಮೆದುಳನ್ನು ಕೆಡಿಸುತ್ತದೆ, ಬಸುರಿಯ ರಕ್ತದಿಂದ ಮಗುವಿಗೂ ಇಳಿಯುತ್ತದೆ. ಇಂಡಿಯಾದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದದ್ದು ಸುಮ್ಮನೆಯೆ?

ಅಂದು ಆರೋಗ್ಯ ಇಲಾಖೆ ಎರಡು ಮಾತು ಹೇಳಿತು. ಬಸುರಿಯರು, ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಜಿಂಕೆ ತಿನ್ನಬಾರದು. ಸೀಸವಿಲ್ಲದ ಗುಂಡು ಬಳಸುವುದೇ ನಿಶ್ಚಿತ ಪರಿಹಾರ. ಮೊದಲ ಮಾತು ಹೆಂಗಸರಿಗೆ ತಲುಪಿತು. ಎರಡನೆಯದು ನಮ್ಮ ಬೀದಿಯ ಎಷ್ಟೋ ಗ್ಯಾರೇಜುಗಳಿಗೆ ಇನ್ನೂ ತಲುಪಿಲ್ಲ. ಪಥ್ಯ ನಮಗೆ, ಹವ್ಯಾಸ ಅವರಿಗೆ!

ಬದಲಿ ಇಲ್ಲವೆ ಎಂದರೆ, ಇದೆ. 1980ರ ದಶಕದ ಕೊನೆಗೇ ಬಾರ್ನ್ಸ್ ಕಂಪನಿ ಇಡಿಯಾಗಿ ತಾಮ್ರದ ಗುಂಡನ್ನು ಮಾರುಕಟ್ಟೆಗೆ ತಂದಿತ್ತು. ಈಗ ಹಲವರು ಮಾಡುತ್ತಾರೆ. ಅದು ನಾಟಿದಾಗ ಹೂವಿನ ಎಸಳಿನಂತೆ ಅರಳುತ್ತದೆ, ಬಹುಪಾಲು ಇಡಿಯಾಗಿಯೇ ಉಳಿಯುತ್ತದೆ. ‘ತಾಮ್ರವೂ ಹುಳಿಗೆ ಕಿಲುಬುತ್ತದಲ್ಲ’ ಎನ್ನಬಹುದು ನೀವು. ಮಾಂಸದಲ್ಲಿ ಚೂರೇ ಬಹಳ ಕಡಿಮೆ. ಮೇಲಾಗಿ ತಾಮ್ರ ದೇಹಕ್ಕೆ ರವಷ್ಟಾದರೂ ಬೇಕು, ಸೀಸ ಎಳ್ಳಷ್ಟೂ ಬೇಡ.

ಗಂಡಸರ ಮೊದಲ ಆಕ್ಷೇಪ, ತಾಮ್ರ ಹಗುರ, ಎಲ್ಕ್‌ಗೆ ಸಾಲದು ಎಂದು. ತಾಮ್ರ ಸೀಸಕ್ಕಿಂತ ಹಗುರವೆಂಬುದು ನಿಜ. ಅದೇ ತೂಕಕ್ಕೆ ಗುಂಡು ಉದ್ದವಾಗಿ ತೋಟಾದೊಳಗೆ ಜಾಗ ತಿನ್ನುತ್ತದೆ. ಅದಕ್ಕೇ ತೂಕ ಇಳಿಸಬೇಕು. .30-06 ಕೋವಿಗೆ ಸೀಸದಲ್ಲಿ 180 ಗ್ರೇನ್ ಬಳಸುವವರು ತಾಮ್ರದಲ್ಲಿ 165 ಅಥವಾ 150 ಆರಿಸಿದರೆ ಸಾಕು. ಪುಡಿಯಾಗಿ ತೂಕ ಕಳೆದುಕೊಳ್ಳದ್ದರಿಂದ ಆಳಕ್ಕೇ ಇಳಿಯುತ್ತದೆ. .270 ಕೋವಿಯಾದರೆ 130 ಗ್ರೇನ್ ಜಿಂಕೆಗೂ ಎಲ್ಕ್‌ಗೂ ನಡೆಯುತ್ತದೆ. ಆದರೆ ಅರಳಲು ವೇಗ ಬೇಕು, ಆದ್ದರಿಂದ ತೀರ ದೂರದಿಂದ ಹೊಡೆಯಬಾರದು. ಸೀಸದ ಗುಂಡಿನ ಮದ್ದಿನ ಲೆಕ್ಕವನ್ನು ತಾಮ್ರಕ್ಕೆ ಹಚ್ಚುವುದು ಅಪಾಯ. ಆ ಗುಂಡಿನ ಕೈಪಿಡಿ ನೋಡಿ, ಕನಿಷ್ಠ ಅಳತೆಯಿಂದಲೇ ಶುರುಮಾಡಬೇಕು.

ಎರಡನೆಯದು ಬೆಲೆ. ಹೌದು, ದುಬಾರಿ. ಆದರೆ ಒಂದು ಎಲ್ಕ್‌ಗೆ ಬೇಕಾಗುವುದು ಒಂದೋ ಎರಡೋ ಗುಂಡು. ಸಾವಿರಾರು ಡಾಲರಿನ ಕೋವಿ, ದುರ್ಬೀನು ಕೊಳ್ಳುವಾಗ ನೆನಪಾಗದ ಉಳಿತಾಯ ಮಕ್ಕಳ ಅನ್ನದ ಹತ್ತಿರವೇ ಏಕೆ ನೆನಪಾಗಬೇಕು?

ಮೂರನೆಯದು, ‘ಅಜ್ಜನ ಕಾಲದಿಂದ ಸೀಸವೇ’. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವ ಮಾತಿದು.

ಇದೆಲ್ಲ ಬೇಟೆ ನಿಲ್ಲಿಸುವ ಹೂಟವೆಂದು ಗೊಣಗುವವರೂ ಇದ್ದಾರೆ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿತು. ಅಲ್ಲಿ ಬೇಟೆಯೇನೂ ನಿಂತಿಲ್ಲ. ಆ ಕಾನೂನಿನ ಹಿಂದೆ ಕಾಂಡರ್ ಎಂಬ ರಣಹದ್ದಿನ ಕಥೆಯಿದೆ: 1982ರಲ್ಲಿ ಉಳಿದಿದ್ದವು ಬರೀ 22. ಸಾಕಿ ಬೆಳೆಸಿ ಕಾಡಿಗೆ ಬಿಟ್ಟರೂ, ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಸೀಸದ ವಿಷದಿಂದ ಸತ್ತವು. ಹದ್ದಿಗಾಗಿ ಬದಲಾದ ಗುಂಡು ಬಸುರಿಗಾಗಿ ಬದಲಾಗಬಾರದೆ?

ಮಗಳ ಬಾಣಂತನಕ್ಕೆಂದು ನಮ್ಮ ಊರುಗಳಿಂದ ಈ ದೇಶಕ್ಕೆ ಬರುವ ತಾಯಂದಿರಿದ್ದಾರೆ. ಮಾಂಸ ತಿನ್ನುವ ಮನೆಯಾಗಿ, ಅಕ್ಕಪಕ್ಕದವರು ಪ್ರೀತಿಯಿಂದ ಪೊಟ್ಟಣ ತಂದರೆ, ಸಂಕೋಚ ಬೇಡ, ಕೇಳಿ: ಸೀಸವೋ, ತಾಮ್ರವೋ? ಕೊಡುವವರು ಪೊಟ್ಟಣದ ಮೇಲೆ ತಾರೀಖು ಬರೆಯುತ್ತಾರೆ; ಗುಂಡಿನ ಹೆಸರನ್ನೂ ಬರೆಯಲಿ. ಉತ್ತರ ಸಿಗದ ಪೊಟ್ಟಣ ಒಲೆಯ ಮೇಲೆ ಏರಕೂಡದು. ಒಲೆಯ ಮುಂದೆ ನಿಂತವಳಿಗೆ ಇಷ್ಟು ಅಧಿಕಾರವೂ ಇಲ್ಲವಾದರೆ, ಅನ್ನಪೂರ್ಣೆ ಎಂದು ಹೊಗಳುವುದನ್ನಾದರೂ ನಿಲ್ಲಿಸಲಿ.